ಕೋರ್ಟಿನಲ್ಲಿ ಹುಚ್ಚ, ನಿಶ್ಚಿತಾರ್ಥದಲ್ಲಿ ಯಜಮಾನ

ಕೋವಿಡ್ ಕಳೆದು ಕೋರ್ಟುಗಳು ಮತ್ತೆ ತುಂಬತೊಡಗಿದ್ದ ವರ್ಷ. ನಾನು ಶಿಕಾರಿಪುರದಲ್ಲಿ ಸಹಾಯಕ ಸರ್ಕಾರಿ ಅಭಿಯೋಜಕನಾಗಿದ್ದೆ. ಜನರ ಬಾಯಲ್ಲಿ ಸರ್ಕಾರಿ ವಕೀಲ. ಆನವಟ್ಟಿ ಕಡೆಯ ಜಮೀನು ದಲ್ಲಾಳಿ ರುದ್ರಪ್ಪ ನಮ್ಮೂರಿನ ಟೈಲರ್ ಹಸೀನಾಬಿಗೆ ಬೇರೆಯವರ ಸೈಟು ತೋರಿಸಿ, ನಕಲಿ ಪತ್ರ ಮಾಡಿಕೊಟ್ಟು, ಗಂಡ ಸತ್ತ ಮೇಲೆ ಆಕೆ ಕೂಡಿಟ್ಟಿದ್ದನ್ನೆಲ್ಲ ನುಂಗಿ ನೀರು ಕುಡಿದಿದ್ದ.

ಆರೋಪ ಓದಿ ಹೇಳುವ ದಿನ ಆತ ಕಟಕಟೆಯಲ್ಲಿ ಶರ್ಟಿನ ಗುಂಡಿ ಕಿತ್ತು ಬಾಯಿಗೆ ಹಾಕಿಕೊಂಡ. ಹೆಸರು ಕೇಳಿದರೆ ನಕ್ಕ. "ಮಗಳ ಗುರ್ತೂ ಸಿಗಲ್ಲ ಸ್ವಾಮಿ ಇವ್ರಿಗೆ," ಎಂದು ಹೆಂಡತಿ ಪ್ರಮಾಣ ಮಾಡಿ ಹೇಳಿ ಅತ್ತಳು. ತನ್ನ ಪರ ಹೇಳಿಕೊಳ್ಳುವಷ್ಟು ಬುದ್ಧಿಸ್ಥಿಮಿತ ಆರೋಪಿಗೆ ಇಲ್ಲವಾದರೆ ಕಾನೂನು ವಿಚಾರಣೆಯನ್ನು ಮುಂದೂಡುತ್ತದೆ. ನಿಜವಾಗಿ ಕಾಯಿಲೆಯಾದವರಿಗಾಗಿ ಇರುವ ಒಳ್ಳೆಯ ಕಾನೂನು ಅದು. ಮನೋವೈದ್ಯರು ನಟನೆಯ ಅನುಮಾನವಿದೆ ಎಂದರೇ ಹೊರತು ಖಚಿತವಾಗಿ ಹೇಳಲಿಲ್ಲ. ಹಸೀನಾಬಿ ಪ್ರತಿ ತಾರೀಖಿಗೂ ಅಂಗಡಿ ಮುಚ್ಚಿ ಬಂದು ಕೂರುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ಅವರೇ ಬಂದು, "ಸಾರ್, ಅವ್ನ ಮಗಳ ನಿಶ್ಚಿತಾರ್ಥ ಆತಂತ್ರೀ. ತಾಂಬೂಲ ಅವ್ನೇ ಬದ್ಲಿ ಮಾಡ್ಯಾನಂತೆ," ಎಂದರು. ಬ್ಲೌಸು ಹೊಲಿಸಲು ಬಂದವರು ಆಡಿಕೊಂಡಿದ್ದರಂತೆ.

ನಮ್ಮ ಕಡೆ ಮನೆತನದಲ್ಲಿ ಹುಚ್ಚಿದೆಯೇ ಎಂದು ವಿಚಾರಿಸದೆ ಯಾರೂ ಹೆಣ್ಣು ತರುವುದಿಲ್ಲ. ಕೋರ್ಟಿನ ಸುದ್ದಿ ಕುಪ್ಪಗಡ್ಡೆಯ ಗಂಡಿನ ಮನೆಗೂ ಮುಟ್ಟಿತ್ತು. ಸಂಬಂಧ ತಪ್ಪೀತೆಂದು ಈ ಮಹಾಶಯ ಗರಿಗರಿ ಪಂಚೆಯುಟ್ಟು ತಾನೇ ಮುಂದೆ ನಿಂತು ಎಲ್ಲ ನಡೆಸಿದ್ದ. ಗಂಡಿನ ಸೋದರಮಾವನನ್ನು ಸಾಕ್ಷಿಗೆ ಕರೆಸಿದೆ.

"ಹುಚ್ಚು ಯಾರಿಗ್ರೀ? ಛತ್ರದ ಬಾಡಿಗೆ ಅರ್ಧ ನಿಮ್ದು ಅಂತ ನನ್ ಹತ್ರ ಊಟದ ಹೊತ್ತಿನ ತನಕ ಜಗ್ಗಾಡಿದಾರೆ," ಎಂದ ಆತ. ಮೊಬೈಲಿನ ವಿಡಿಯೊ ಕೂಡ ಇತ್ತು. ರುದ್ರಪ್ಪನ ಬುದ್ಧಿ ಸ್ಥಿಮಿತದಲ್ಲೇ ಇದೆ ಎಂದು ನ್ಯಾಯಾಧೀಶರು ಆದೇಶ ಬರೆದು ವಿಚಾರಣೆ ನಡೆಸಿದರು.

ಅಪರಾಧ ಸಾಬೀತಾದ ಮೇಲೆ ಆತನ ವಕೀಲರು ಪ್ರೊಬೇಷನ್ ಕೇಳಿದರು, ಅಂದರೆ ಮೊದಲ ತಪ್ಪೆಂದು ಮುಚ್ಚಳಿಕೆ ಬರೆಸಿಕೊಂಡು ಜೈಲಿಗೆ ಕಳಿಸದೆ ಬಿಡುವುದು. ನ್ಯಾಯಾಧೀಶರು, "ಮೊದಲ ದಿನವೇ ಒಪ್ಪಿ ಹಣ ಹಿಂದಿರುಗಿಸಿದ್ದರೆ ಯೋಚಿಸುತ್ತಿದ್ದೆ. ಕಾಯಿಲೆಯವರಿಗಿರುವ ರಕ್ಷಣೆಯನ್ನೂ ನೀವು ಮೋಸಕ್ಕೆ ಬಳಸಿದಿರಿ," ಎಂದು ಮೂರು ವರ್ಷ ಸಜೆ ಕೊಟ್ಟರು. ಸುಳ್ಳು ಸಾಕ್ಷಿಗಾಗಿ ಹೆಂಡತಿಯ ಮೇಲೂ ಕೇಸಾಯಿತು. ಹಸೀನಾಬಿ ನಗಲಿಲ್ಲ, ಅವರ ಹಣ ಇನ್ನೂ ಬರಬೇಕಿತ್ತು.

ಗಂಡಿನ ಕಡೆಯವರು ಸಂಬಂಧ ಮುರಿದರು. ಹುಚ್ಚಿಲ್ಲ ಸರಿ, ಜೈಲಾಯಿತಲ್ಲ ಎಂದರಂತೆ.

ವಾರ ಕಳೆದು ರುದ್ರಪ್ಪನ ಮಗಳು ಒಬ್ಬಳೇ ನನ್ನ ಕಚೇರಿಗೆ ಬಂದಳು. ಬೈಯಲು ಬಂದಳೆಂದುಕೊಂಡೆ.

"ಸಾರ್, ಅಪ್ಪಂಗೆ ಹುಚ್ಚಿಲ್ಲ ಅಂತ ಕೋರ್ಟಲ್ಲಿ ಬರ್ದಿದಾರಲ್ಲ, ಅದ್ರ ನಕಲು ಎಲ್ಲಿ ಸಿಗ್ತದೆ? ಮುಂದೆ ನೋಡೋಕೆ ಬಂದೋರು ಕೇಳ್ತಾರೆ."

ಸಜೆಗೆ ಒಂದು ಕೊನೆಯಿರುತ್ತದೆ, ಮನೆತನಕ್ಕೆ ಅಂಟಿದ ಮಾತಿಗೆ ಇರುವುದಿಲ್ಲ. ಇಷ್ಟು ವರ್ಷ ಶಿಕ್ಷೆ ಕೊಡಿಸಿದ ನನಗೆ ಅದನ್ನು ಕಲಿಸಿದವಳು ಆಕೆ. ನಕಲಿನ ಅರ್ಜಿಯನ್ನು ನಾನೇ ಬರೆದುಕೊಟ್ಟೆ.