ಮುನ್ನೂರು ರೂಪಾಯಿಗೆ ಬಿಟ್ಟುಬಂದ ಮೆಮೊರಿ

ಹಳೇ ಸೀರೆ ಕೊಟ್ಟು ಸ್ಟೀಲ್ ಪಾತ್ರೆ ತೆಗೆದುಕೊಳ್ಳುವವರನ್ನು ಇದೇ ಅಂಕಣದಲ್ಲಿ ಗೇಲಿ ಮಾಡಿದ್ದೆ, ನೆನಪಿದೆಯೇ? ಹಲಸೂರಿನ ನಮ್ಮ ಬೀದಿಯ ಹೆಂಗಸರು ವಾರಗಟ್ಟಲೆ ನನ್ನೊಡನೆ ಮಾತು ಬಿಟ್ಟಿದ್ದರು. ಈಗ ಅವರ ಸರದಿ. ನಗಲಿ.

ನನ್ನ ಹೆಂಡತಿ ಸುಮಾ ಮನೆಯಲ್ಲೇ ಥೀಸಿಸ್ ಟೈಪ್ ಮಾಡಿಕೊಡುತ್ತಾಳೆ. ಕಂಪ್ಯೂಟರ್ ಅವಳದು, ಎರಡು ಬಳೆ ಮಾರಿ ತಂದದ್ದು. ಇತ್ತೀಚೆಗೆ ಅದು ಒಂದು ಫೈಲ್ ತೆರೆಯುವಷ್ಟರಲ್ಲಿ ನಾವು ಕಾಫಿ ಕುಡಿದು ಲೋಟ ತೊಳೆದಿಡಬಹುದಿತ್ತು. ಮೆಮೊರಿ ಸಾಲದು ಎಂದರು ತಿಳಿದವರು. ಹೆಚ್ಚಿನ ಮೆಮೊರಿಗೆ ಕಂಪ್ಯೂಟರ್ ಕಂಪನಿಯವರು ಹೇಳಿದ ಬೆಲೆ ಆರು ಸಾವಿರ. (ಗೇಣುದ್ದವೂ ಇಲ್ಲದ ಒಂದು ಪಟ್ಟಿಗೆ.)

ಶಿವಾಜಿನಗರದಲ್ಲಿ ಅಷ್ಟೇ ಮೆಮೊರಿ, ಬೇರೆ ಕಂಪನಿಯದು, ಎರಡು ಸಾವಿರ. ಸುಮಾ ತವರಿಗೆ ಹೋಗಿದ್ದಳು. ಬರುವಷ್ಟರಲ್ಲಿ ಸರ್‌ಪ್ರೈಸ್ ಕೊಡೋಣವೆಂದು ಸಿಪಿಯು ಹೊತ್ತುಕೊಂಡು ಆಟೋ ಹತ್ತಿದೆ.

"ಹಳೇದು ಇಲ್ಲೇ ಬಿಡಿ ಸಾಬ್, ಮುನ್ನೂರು ಕಮ್ಮಿ ಮಾಡ್ತೀನಿ. ಮನೇಲಿಟ್ಕೊಂಡು ಪೂಜೆ ಮಾಡ್ತೀರಾ?" ಎಂದ ಅಂಗಡಿಯವನು, ಹಳೇ ಪಟ್ಟಿ ಕಿತ್ತು ಹೊಸದನ್ನು ಕೂರಿಸುತ್ತ.

ಬಿಟ್ಟುಬಂದೆ. ಸುಮಾ ಖುಷಿಪಟ್ಟಳು. ನಾನು ಮೀಸೆ ತಿರುವಿದೆ.

ಮೂರನೇ ವಾರ ಕಂಪ್ಯೂಟರ್ ಕೆಟ್ಟು ನಿಂತಿತು. ಕಂಪನಿಯ ಇಂಜಿನಿಯರ್ ಬಂದು ಬಿಚ್ಚಿ ನೋಡಿದ.

"ಮದರ್‌ಬೋರ್ಡ್ ಹೋಗಿದೆ ಸರ್. ವಾರಂಟಿ ಇದೆ, ಫ್ರೀ. ಆದ್ರೆ ನಮ್ಮ ಮೆಮೊರಿ ಎಲ್ಲಿ?"

"ಈ ಮೆಮೊರಿಯಿಂದಾನೇ ಹೋಯ್ತಾ?"

"ಅದು ಗೊತ್ತಿಲ್ಲ ಸರ್. ಬೇರೆಯವರ ಮೆಮೊರಿ ಇದ್ರೆ ವಾರಂಟಿ ನಡೆಯಲ್ಲ. ಹಳೇದು ಹಾಕಿ ಫೋನ್ ಮಾಡಿ. ಇಲ್ದಿದ್ರೆ ಬೋರ್ಡಿಗೆ ಒಂಬತ್ತು ಸಾವಿರ ಆಗುತ್ತೆ."

ಶಿವಾಜಿನಗರಕ್ಕೆ ಓಡಿದೆ. "ಅದು ಅವತ್ತೇ ಮಾರೋಯ್ತು ಸಾಬ್" ಎಂದ ಅವನು.

ಇದ್ಯಾವ ನ್ಯಾಯ ಸ್ವಾಮಿ? ಸ್ಕೂಟರಿಗೆ ಬೇರೆ ಟೈರ್ ಹಾಕಿಸಿದರೆ ಇಂಜಿನ್ ಮುಟ್ಟುವುದಿಲ್ಲ ಎನ್ನುತ್ತಾರೆಯೇ? ಕಂಪನಿಗೆ ಹೀಗೇ ಪತ್ರ ಬರೆದೆ. ಉತ್ತರವಿಲ್ಲ. ಅಷ್ಟರಲ್ಲಿ ಥೀಸಿಸ್ ಕೊಟ್ಟಿದ್ದ ಲೆಕ್ಚರರ್ ತಮ್ಮ ಫ್ಲಾಪಿ ವಾಪಸ್ ಪಡೆದು ಇಂದಿರಾನಗರದ ಟೈಪಿಂಗ್ ಸೆಂಟರೊಂದಕ್ಕೆ ಕೊಟ್ಟರು. ಅವರು ಕಳಿಸಬೇಕಿದ್ದ ಇನ್ನಿಬ್ಬರೂ ಅತ್ತಲೇ ಹೋದರು.

ಸುಮಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೀಬೋರ್ಡಿಗೆ ಬಟ್ಟೆ ಹೊದಿಸುತ್ತ ಕೇಳಿದಳು: "ನನ್ನ ಬಳೆ ಮಾರೋವಾಗ ನಾನು ನಿಮ್ಮನ್ನ ಕೇಳಿದ್ದೆ. ಹಳೇದು ಕೊಡೋವಾಗ ನೀವು ನನ್ನನ್ನ ಯಾಕ್ರೀ ಕೇಳ್ಲಿಲ್ಲ?"

ಕಂಪನಿಯನ್ನು ಬೈಯಲೆಂದೇ ಇವತ್ತು ಬರೆಯಲು ಕೂತೆ. ಆದರೆ ನಮ್ಮ ಬೀದಿಯ ಹೆಂಗಸರು ಪಾತ್ರೆಗೆ ಕೊಡುವುದು ತಮ್ಮ ಸೀರೆಯನ್ನು. ನಾನು ಕೊಟ್ಟಿದ್ದು ಯಾರದನ್ನು?