ತಲೆಯೋ ತೊಡೆಯೋ

ನನ್ನ ಎಡಗಣ್ಣಿನ ರೆಪ್ಪೆ ಜೋತುಬಿದ್ದ ದಿನ ಅಂಗಡಿಯಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ತಪ್ಪೇನಿಲ್ಲ. ಬೆಳಗಾವಿಯ ಆ ಸೀರೆ ಅಂಗಡಿಯಲ್ಲಿ ನನ್ನ ಕೆಲಸ ಸೀರೆ ಬಿಚ್ಚಿ ಹಾಸುವುದು. ಸಂಬಳವಿಲ್ಲದ ಇನ್ನೊಂದು ಕೆಲಸ ಎಲ್ಲರ ನಕಲು ಮಾಡುವುದು. ನಮ್ಮ ಸಾವ್ಕಾರರಿಗೆ ಗಿರಾಕಿಯನ್ನು ಅಳೆಯುವಾಗ ಒಂದು ಕಣ್ಣು ಅರ್ಧ ಮುಚ್ಚುವ ಚಟ. ಅದನ್ನು ನಾನು ಅವರಿಗಿಂತ ಚೆನ್ನಾಗಿ ಮಾಡುತ್ತಿದ್ದೆ. ಹಾಗಾಗಿ ನನ್ನ ರೆಪ್ಪೆ ಇಳಿದಾಗ ಸಾವ್ಕಾರರೇ ಗಾದಿಯ ಮೇಲಿಂದ ಕೂಗಿದರು: “ಏ ಸಾಕ್ ಬಿಡೋ ಮಂಗ್ಯಾ, ಗಿರಾಕಿ ಬಂದಾರ!”

“ನಕಲಿ ಅಲ್ರಿ ಸಾವ್ಕಾರ್ರ, ಕಣ್ಣ ತೆರಿಯಾಕ ಬರವಲ್ದು” ಅಂದೆ. ಇನ್ನೂ ಜೋರಾಗಿ ನಕ್ಕರು. ಕಣ್ಣಿನ ಹಿಂದೆ ಯಾರೋ ಮೊಳೆ ಬಡಿದಂತೆ ನೋಯುತ್ತಿತ್ತು. ಅಭ್ಯಾಸಬಲದಿಂದ ನಾನೂ ನಕ್ಕೆ.

ಸಂಜೆ ಖಾನಾಪುರಕ್ಕೆ ಹೋಗುವ ರೈಲಿನಲ್ಲಿ ಬೆರಳಿನಿಂದ ರೆಪ್ಪೆ ಎತ್ತಿ ನೋಡಿದೆ. ದೇಸೂರ ಸ್ಟೇಷನ್ನಿನ ಕಂಬಗಳೆಲ್ಲ ಎರಡೆರಡಾಗಿದ್ದವು.

ನನ್ನ ನಕಲಿಗೆ ಎಂದೂ ನಗದವನೆಂದರೆ ಅಪ್ಪ ಒಬ್ಬನೇ. ಅವ್ವ ತೀರಿದ ಮೇಲೆ ಮನೆಯಲ್ಲಿ ನಾವಿಬ್ಬರು, ಜೊತೆಗೆ ಎರಡು ಎಮ್ಮೆ. ಮಾತಿನಲ್ಲಿ ಅಪ್ಪನಿಗಿಂತ ಎಮ್ಮೆಗಳೇ ವಾಸಿ. ಅವನು ನನ್ನ ಗದ್ದ ಹಿಡಿದು ದೀಪದ ಕಡೆ ತಿರುಗಿಸಿದ. “ಇದು ಹುಡುಗಾಟ ಅಲ್ಲ. ನಾಳಿ ದವಾಖಾನಿಗೆ ಹೋಗೂಣು.”

ಬೆಳಗಾವಿಯ ದವಾಖಾನೆಯಲ್ಲಿ ನನ್ನ ತೊಡೆಸಂದಿಯ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ತಲೆಯತನಕ ಬಣ್ಣದ ನೀರು ಬಿಟ್ಟು ಚಿತ್ರ ತೆಗೆದರು. ಬಣ್ಣ ಏರಿದಾಗ ಒಲೆಯ ಬಾಯಿಗೆ ಮುಖ ಒಡ್ಡಿದ ಹಾಗಾಯಿತು. ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಸವೆದ ಸೈಕಲ್ ಟ್ಯೂಬು ಉಬ್ಬುತ್ತದಲ್ಲ, ಮಿದುಳಿನ ರಕ್ತನಾಳವೊಂದು ಹಾಗೆ ಉಬ್ಬಿ ನಿಂತಿತ್ತು.

“ನೋಡಪಾ ತಮ್ಮಾ, ಇದು ಕಣ್ಣಿನ ನರ ಒತ್ತಾಕತ್ತೈತಿ. ಇನ್ನೂ ಒಡದಿಲ್ಲ, ನಿನ್ನ ನಸೀಬ. ಒಡದ್ರ ಜೀವಕ್ಕ ಕಷ್ಟ. ಎರಡು ದಾರಿ ಅದಾವ. ಒಂದು, ತಲಿಬುರುಡಿ ತೆಗದು ಉಬ್ಬಿನ ಬುಡಕ್ಕ ಕ್ಲಿಪ್ ಹಾಕೂದು. ಅದು ಇಲ್ಲೇ ಆಗ್ತೈತಿ. ಇನ್ನೊಂದು, ಮತ್ತ ತೊಡಿಯಿಂದನ ಹೋಗಿ ಉಬ್ಬಿನೊಳಗ ಸಣ್ಣ ತಂತಿಸುರಳಿ ತುಂಬೂದು. ಅದಕ್ಕ ಮುಂಬೈಗೆ ಹೋಗ್ಬೇಕು.”

“ಯಾವ್ದು ಚಲೋರೀ?”

“ಕ್ಲಿಪ್ ಹಾಕಿದ್ರ ಬಹುತೇಕ ಅಲ್ಲಿಗೆ ಮುಗೀತು. ಆದ್ರ ತಲಿಬುರುಡಿ ತೆಗಿಯೂದಂದ್ರ ಆಟ ಅಲ್ಲ, ಸುಧಾರಿಸ್ಕೊಳ್ಳಾಕ ತಿಂಗಳುಗಟ್ಲೆ ಬೇಕು. ತಂತಿ ಆದ್ರ ಲಗೂನ ಎದ್ದು ಓಡಾಡ್ತಿ. ಆದ್ರ ಸುರಳಿ ಕುಗ್ಗಿ ಮತ್ತ ಉಬ್ಬಬಹುದು, ಆಗಾಗ ಹೋಗಿ ತಪಾಸ್ ಮಾಡಿಸ್ಬೇಕು. ಹೊಸಾದು ಅದು. ಭಾಳ ವರ್ಷ ಹ್ಯಾಂಗ ತಡೀತೈತಿ ಅನ್ನೂದು ಖರೇ ಅಂದ್ರ ಇನ್ನೂ ಯಾರಿಗೂ ಪೂರಾ ಗೊತ್ತಿಲ್ಲ.”

“ನನ್ನ ಮಾತು ಉಳೀತೈತೇನ್ರೀ?”

ಡಾಕ್ಟರು ಚಿತ್ರವನ್ನು ಕೆಳಗಿಟ್ಟರು. “ಉಬ್ಬು ಎಡಗಡೆ ಐತಿ. ಮಾತಿನ ಜಾಗಾನೂ ಎಡಗಡೇನ. ಎರಡರಾಗೂ ಮಾತಿಗೆ ಅಪಾಯ ಇದ್ದದ್ದ. ಭಾಳ ದಿನ ತಗೋಬ್ಯಾಡ್ರಿ, ಲಗೂ ಹೇಳ್ರಿ.”

ವಾರ್ಡಿನಲ್ಲಿ ಪಕ್ಕದ ಮಂಚದವನಿಗೆ ಆ ಡಾಕ್ಟರ ನಕಲನ್ನೇ ಮಾಡಿ ತೋರಿಸಿದೆ. ಬಿದ್ದು ಬಿದ್ದು ನಕ್ಕ. ಮಧ್ಯಾಹ್ನ ಅವನನ್ನು ಮನೆಗೆ ಕಳಿಸಿದರು. ಆಮೇಲೆ ನಾನು ಗೋಡೆಯ ಕಡೆ ಮುಖಮಾಡಿ ಮಲಗಿ ಒಬ್ಬೊಬ್ಬರನ್ನೇ ಕರೆದೆ: ಸಾವ್ಕಾರರು, ರೈಲಿನ ಟಿಕೆಟ್ ತಪಾಸಣೆಯವನು, ಚಹಾ ಮಾರುವ ಮಾವಶಿ. ಎಲ್ಲರೂ ಗಂಟಲಿನಲ್ಲಿ ಇನ್ನೂ ಇದ್ದರು. ನಾಳೆ ಇರುತ್ತಾರೋ ಇಲ್ಲವೋ. ಅವರೆಲ್ಲ ಹೋದರೆ ಒಳಗೆ ಉಳಿಯುವವನ ಜೊತೆ ನನಗೆ ಅಂಥ ಪರಿಚಯವೇನೂ ಇರಲಿಲ್ಲ.

ಅಪ್ಪ ಮಾತ್ರ ನಿರಾಳವಾಗಿದ್ದ. “ಗುಡಿಗೆ ಹೋಗಿ ತಾಯೀನ ಕೇಳ್ಕೊಂಡು ಬರ್ತೇನಿ” ಅಂದ.

ನಮ್ಮ ಕಡೆ ಮದುವೆಗೂ ಎಮ್ಮೆ ಮಾರುವುದಕ್ಕೂ ದೇವರ ಕೌಲ ಕೇಳುತ್ತಾರೆ. ಪೂಜಾರಿ ಮೂರ್ತಿಯ ಎರಡೂ ಬದಿಗೆ ಒದ್ದೆ ಹೂವಿನ ಎಸಳು ಅಂಟಿಸುತ್ತಾನೆ. ಬಲದ್ದು ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಅಲ್ಲ. ನಮ್ಮ ತಾಯಿಯ ಗುಡಿ ಇರುವುದು ಕಣಕುಂಬಿಯ ಕಡೆ. ನಾನು ಅಪ್ಪನಿಗೆ ಪ್ರಶ್ನೆಯನ್ನು ಬಾಯಿಪಾಠ ಮಾಡಿಸಿದೆ.

“ಬಲಕ್ಕ ಬಿದ್ರ ತಲಿ, ಎಡಕ್ಕ ಬಿದ್ರ ತೊಡಿ. ಎಲ್ಲಿ, ಒಮ್ಮೆ ಅನ್ನು.”

“ತಲಿ...” ಅಂದು ಅಪ್ಪ ನಿಂತ. “ತಿಳೀತು ಬಿಡು.”

ಜಾಂಬೋಟಿಯ ದಾರಿಯ ಬಸ್ಸು ಹಿಡಿದು ಹೋದವನು ಮರುದಿನ ಬಂದ. ಅಂಗಿ ತೊಯ್ದಿತ್ತು, ಮುಖ ಮಾತ್ರ ಗೆದ್ದು ಬಂದವನದು. “ಬಲಕ್ಕ ಬಿತ್ತು!”

“ಅಂದ್ರ ತಲಿ?”

ಅಪ್ಪ ಟವೆಲ್ಲಿನಿಂದ ಕಿವಿ ಒರೆಸಿಕೊಂಡ. ಒರೆಸುತ್ತಲೇ ಇದ್ದ. “ಹೆಣ್ಣದೇವ್ರ ಮುಂದ ನಿಂತು ತೊಡಿ-ಗಿಡಿ ಅಂತ ಹ್ಯಾಂಗ ಅನ್ಲಿ ತಮ್ಮಾ? ಬಾಯಿಗೇ ಬರ್ಲಿಲ್ಲ. ಪೂಜಾರಿ ಬ್ಯಾರೆ ಅವಸರ ಮಾಡಾಕತ್ತಿದ್ದ.”

“ಮತ್ತೇನ್ ಕೇಳ್ದಿ?”

“ನನ್ನ ಮಗ ಮತ್ತ ಎಲ್ಲಾರ ನಕಲಿ ಮಾಡ್ತಾನೇನ ತಾಯಿ, ಅಂದೆ.”

ನನಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ವಾರ್ಡು ಬಹಳ ದೊಡ್ಡದಾಗಿ ಕಂಡಿತು. ತಾಯಿ ಹೌದು ಅಂದಿದ್ದಳು, ದಾರಿ ಯಾವುದೆಂದು ಹೇಳಿರಲಿಲ್ಲ. ಡಾಕ್ಟರು ಎರಡೂ ದಾರಿ ಹೇಳಿದ್ದರು, ಹೌದು ಅಂದಿರಲಿಲ್ಲ. ನಡುವೆ ಉಳಿದವನು ನಾನೊಬ್ಬ.

ತಲೆ ಅಂದೆ. ಅದು ಹೆಚ್ಚು ಚಲೋ ಎಂದಲ್ಲ. ನನ್ನ ಜಾಗದಲ್ಲಿ ಇನ್ನೊಬ್ಬನಿದ್ದರೆ ತೊಡೆ ಅನ್ನುತ್ತಿದ್ದ, ಅವನೂ ಸರಿಯೇ. ಆದರೆ ಮುಂಬೈಯ ತಣ್ಣನೆಯ ಮೇಜಿನ ಮೇಲೆ ಮತ್ತೆ ಮತ್ತೆ ಮಲಗಿ, ಇನ್ನೂ ಗಟ್ಟಿ ಇದ್ದೀನೇನ್ರೀ ಎಂದು ಕೇಳುತ್ತ ಬದುಕುವ ಧೈರ್ಯ ನನಗಿರಲಿಲ್ಲ. ಬುರುಡೆ ತೆಗೆಸಿಕೊಂಡದ್ದು ಪುಕ್ಕಲುತನದಿಂದ.

ಆಪರೇಷನ್ ಮುಗಿದು ಎಚ್ಚರವಾದಾಗ ಮಾತು ಇತ್ತು. ತುಸು ತಡವಾಗಿ ಬರುತ್ತಿತ್ತು, ಅಷ್ಟೇ. ಆದರೆ ಬೇರೆಯವರ ದನಿ ಮಾತ್ರ ಒಂದೂ ಬರಲಿಲ್ಲ. ಅಂಗಡಿಯ ಹುಡುಗರು ಮೋಸಂಬಿ ಹಿಡಿದು ಬಂದರು. “ಏ, ಸಾವ್ಕಾರಂದೊಂದು ಆಗ್ಲಿ!” ಬಾಯಿ ತೆರೆದೆ. ಗಂಟಲು ತಿರುಗಲೇ ಇಲ್ಲ, ನನ್ನದೇ ಬೋಳು ದನಿ ಹೊರಬಂತು. ಅವರು ಮೋಸಂಬಿ ಸುಲಿದರು, ಅರ್ಧ ತಾವೇ ತಿಂದರು, “ಆರಾಮ ಆಗೋ” ಅಂದು ಎದ್ದರು. ಮತ್ತೆ ಬರಲಿಲ್ಲ. ನಾನೇ ಅವರ ಜಾಗದಲ್ಲಿದ್ದರೂ ಬರುತ್ತಿರಲಿಲ್ಲವೇನೋ.

ಖಾನಾಪುರದ ಮನೆಯಲ್ಲಿ ಮಳೆಗಾಲವಿಡೀ ಕಟ್ಟೆಯ ಮೇಲೆ ಕೂತೆ. ರೆಪ್ಪೆ ನಿಧಾನಕ್ಕೆ ಏರುತ್ತಿತ್ತು. ಒಂದು ಬೆಳಗ್ಗೆ ಹಾಲಿನ ಬಕೀಟು ಹಿಡಿದು ಹೊರಟ ಅಪ್ಪ ನನ್ನ ಮುಂದೆ ನಿಂತ.

“ಒಂದು ಮಾಡು ನೋಡೂಣು.”

“ಯಾರ್ದು?”

“ನಂದು.”

ಅಪ್ಪನದು ನಾನು ಎಂದೂ ಮಾಡಿರಲಿಲ್ಲ. ನಕಲು ಮಾಡಲು ಅವನು ಮಾತಾಡಬೇಕಲ್ಲ. ಕೊಟ್ಟಿಗೆಗೆ ಕಾಲಿಡುವ ಮೊದಲು ಎಮ್ಮೆಗಳಿಗೆ ತಿಳಿಯಲೆಂದು ಅವನು ಕೆಮ್ಮುವ ಕೆಮ್ಮನ್ನು ಕೆಮ್ಮಿದೆ. ಎರಡು ಸಣ್ಣವು, ಆಮೇಲೊಂದು ಎಳೆದದ್ದು.

ಒಳಗಿದ್ದ ಎಮ್ಮೆ ಹೂಂಕರಿಸಿತು.

“ನಾ ಅಷ್ಟೆಲ್ಲ ಕೆಮ್ಮಂಗಿಲ್ಲ” ಅಂದು ಅಪ್ಪ ಹಾಲು ಹಿಂಡಲು ಹೋದ.