ಬಾಯಲ್ಲಿ ತುತ್ತಿರುವಷ್ಟು ಹೊತ್ತು

ಹುಚ್ಚೆಳ್ಳು ಹುರಿದ ವಾಸನೆಗೆ ಒಂದು ಹಟವಿದೆ, ನಿಮಗೂ ಗೊತ್ತಿರಬಹುದು. ಒಲೆ ಆರಿಸಿದ ಮೇಲೂ ಸೆರಗಿನಲ್ಲಿ ಉಳಿದುಬಿಡುತ್ತದೆ. ಇವತ್ತು ಬೆಳಿಗ್ಗೆ ಅದನ್ನು ಮಿಕ್ಸಿಗೆ ಹಾಕಿ, ತಿರುಗಿಸಿ, ಜಾರನ್ನು ಎತ್ತಿದಾಗ ಎಂದಿನಂತೆ ಅದರ ಹಿಡಿ ನನ್ನ ಕೈಗೆ ಕೊಂಚ ಸಡಿಲವೆನಿಸಿತು. ಆ ಹಿಡಿಯ ನಕ್ಷೆ ಬರೆದವಳು ನಾನೇ. ಬರೆದವಳ ಕೈಗೇ ಹೊಂದದ ಹಿಡಿ ಎಂದು ನೀವು ನಗಬಹುದು. ನನಗೆ ಮಾತ್ರ ಆ ಸಡಿಲದ ಬಗ್ಗೆ ಸಣ್ಣ ಹೆಮ್ಮೆಯಿದೆ.

ಪಕ್ಕದ ಮೇಜಿನ ಮೇಲೆ, ನಾನು ಕಾರ್ಖಾನೆಯಿಂದ ಮನೆಗೆ ತಂದಿದ್ದ, ನಮ್ಮ ವಿನ್ಯಾಸ ವಿಭಾಗಕ್ಕೆ ಹೊಸದಾಗಿ ಸೇರಿದ ಹುಡುಗಿಯ ಮೊದಲ ನಕ್ಷೆ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ನಿನ್ನೆ ಸಂಜೆ ಅದರ ಮೂಲೆಯಲ್ಲಿ ಪೆನ್ಸಿಲಿನಿಂದ "ಸರಿ ಇದೆ" ಎಂದು ಬರೆದಿದ್ದೆ. ಸರಿ ಇರಲಿಲ್ಲ. ಅವಳು ಬರೆದ ಜಾರಿನ ಮುಚ್ಚಳವನ್ನು ಒಂದೇ ಕೈಯಲ್ಲಿ ತಿರುಗಿಸಲು ಯಾರಿಂದಲೂ ಆಗದು.

ತೊಂಬತ್ತರ ದಶಕದ ಮೊದಲಿಗೆ ನಾನು ಬಾಶೆಟ್ಟಿಹಳ್ಳಿಯ ಈ ಮಿಕ್ಸಿ ಕಾರ್ಖಾನೆಗೆ ಸೇರಿದಾಗ, ಮಹಡಿಯ ವಿನ್ಯಾಸ ವಿಭಾಗದಲ್ಲಿ ಇದ್ದವರು ಮೂವರೇ: ಮುಖ್ಯಸ್ಥರಾದ ಶ್ರೀಕಂಠಯ್ಯ, ಡ್ರಾಯಿಂಗ್ ಬೋರ್ಡಿಗೆ ಬಾಗಿ ಬಾಗಿ ಬೆನ್ನೇ ಬಾಗಿಹೋಗಿದ್ದ ಹಿರಿಯ ನಂಜಪ್ಪ, ಮತ್ತು ನಾನು. ಕೆಳಗೆ ಮಿಕ್ಸಿ ಜೋಡಿಸುವ ಹೆಂಗಸರ ಸಾಲು. ನಮ್ಮ ನಕ್ಷೆ ಕೆಳಗಿಳಿಯುತ್ತಿತ್ತು, ಅವರ ಮಾತು ಮೇಲೆ ಬರುತ್ತಿರಲಿಲ್ಲ. ಬಂದರೂ ಮೆಟ್ಟಿಲು ಹತ್ತುವಷ್ಟರಲ್ಲಿ ಸವೆದಿರುತ್ತಿತ್ತು. "ಈ ಮುಚ್ಚಳ ಯಾವ ಪುಣ್ಯಾತ್ಮ ಮಾಡಿದ್ನೋ" ಎಂದು ಸಾಲಿನಲ್ಲಿ ಹುಟ್ಟಿದ್ದು, ಸೂಪರ್‌ವೈಸರ್ ಬಾಯಲ್ಲಿ "ಮುಚ್ಚಳ ಸ್ವಲ್ಪ ಬಿಗಿ ಸಾರ್" ಆಗಿ, ಶ್ರೀಕಂಠಯ್ಯನವರಿಂದ ನಮಗೆ "ಮುಚ್ಚಳ ಒಂದ್ಸಲ ನೋಡಿ" ಎಂದು ತಲುಪುತ್ತಿತ್ತು. ನಾವು ನೋಡುತ್ತಿದ್ದೆವು. ಮುಚ್ಚಳ ಚೆನ್ನಾಗಿಯೇ ಕಾಣುತ್ತಿತ್ತು.

ಮಹಡಿಯಲ್ಲೂ ಮಾತು ಕಡಿಮೆ. ಒಬ್ಬರ ನಕ್ಷೆ ನೋಡಿ ಇನ್ನೊಬ್ಬರು ಸಹಿ ಹಾಕಿದರೆ ಮುಗಿಯಿತು. ನನಗಂತೂ ಈ ಮೌನ ಹಿತವಾಗಿತ್ತು. ದೊಡ್ಡಬಳ್ಳಾಪುರದಿಂದ ಬಂದು ಬಸ್ಸಿಳಿದು ಸೀದಾ ಬೋರ್ಡಿನ ಮುಂದೆ ಕೂತರೆ, ಊಟವನ್ನೂ ಕಿಟಕಿಯ ಕಡೆ ಮುಖ ಮಾಡಿಯೇ ಮುಗಿಸುತ್ತಿದ್ದೆ. ಅದು ಸಭ್ಯತೆ ಎಂದು ತಿಳಿದಿದ್ದೆ.

ಆರು ತಿಂಗಳಿಗೆ ಜಾರಿನ ಹೊಸ ಹಿಡಿ ನನ್ನ ಪಾಲಿಗೆ ಬಂತು. ನಕ್ಷೆಯ ಕೆಳಗಿನ ಚೌಕದಲ್ಲಿ ಮೊದಲ ಸಲ ನನ್ನ ಹೆಸರು. ನಾನು ಕೆಲಸದಲ್ಲಿ ಕಾಯಂ ಆಗುವುದೂ ಅದರ ಮೇಲೆಯೇ ನಿಂತಿತ್ತು. ಸೋಮವಾರ ನಕ್ಷೆ ಹಿಡಿಯ ಅಚ್ಚು ಕೊರೆಯುವವರಿಗೆ ಹೋಗಬೇಕು. ಅಚ್ಚು ಕೊರೆದ ಮೇಲೆ ತಿದ್ದುವ ಮಾತಿಲ್ಲ. ನಂಜಪ್ಪ "ಚೆನ್ನಾಗಿದೆ ಮೇಡಂ" ಎಂದು ಸಹಿ ಹಾಕಿದ್ದರು. ಶ್ರೀಕಂಠಯ್ಯನವರಿಗೆ ಮಾತ್ರ ಏನೋ ಅನುಮಾನ. ಮರದಲ್ಲಿ ಮಾಡಿಸಿದ ಮಾದರಿ ಹಿಡಿಯನ್ನು ಜಾರಿಗೆ ಕೂರಿಸಿ, ಕೆಳಗಿನ ಸಾಲಿನ ಹಿರಿಯಾಕೆ ಗೌರಮ್ಮನನ್ನು ಕರೆಸಿದರು.

"ಖಾಲಿ ಜಾರು ಹಿಡ್ಕಂಡು ಏನಂತ ಹೇಳ್ಲಿ ಸಾರ್? ರುಬ್ಬಿದ್ರೆ ತಾನೆ ಗೊತ್ತಾಗೋದು" ಎಂದು ಆಕೆ ಹೊರಟೇಹೋದರು.

ಮಾರನೆಯ ದಿನ, ಶನಿವಾರ, ಗೌರಮ್ಮ ತಮ್ಮೂರು ಸಾಸಲಿನಿಂದ ಬರುವಾಗ ಹುರಿದ ಹುಚ್ಚೆಳ್ಳು, ಒಣಮೆಣಸಿನಕಾಯಿ, ನಲ್ಲೂರಿನ ನೆಂಟರು ಕೊಟ್ಟ ಹುಣಸೆಹಣ್ಣು, ಒಂದು ಡಬ್ಬಿ ರಾಗಿರೊಟ್ಟಿ ತಂದರು. ಮಹಡಿಯಲ್ಲಿ ನಮ್ಮ ಮೇಜಿನ ನಕ್ಷೆಗಳನ್ನು ಸರಿಸಿ ಅಲ್ಲೇ ಚಟ್ನಿ ರುಬ್ಬಿ, ಒದ್ದೆ ಕೈಯಲ್ಲಿ ಜಾರನ್ನೆತ್ತಿ ಬಗ್ಗಿಸಿದರು. ಜಾರು ವಾಲಿತು. ತಟ್ಟನೆ ಎಡಗೈ ಕೊಟ್ಟರು.

"ಮೂರೇ ಬೆರಳು ಹೋಗೋದು ಕಣವ್ವ. ನಾಲ್ಕನೇದು ಆಚೆ ಕೂತು ತಮಾಸೆ ನೋಡ್ತದೆ."

ನನ್ನ ಅಳತೆಗಳೆಲ್ಲ ನಾಲಿಗೆಯ ತುದಿಗೆ ಬಂದವು. "ಅದು ಹಾಗಲ್ಲ..." ಎನ್ನುವಷ್ಟರಲ್ಲಿ ಗೌರಮ್ಮ ರೊಟ್ಟಿ ಮುರಿದು, ಚಟ್ನಿ ಸವರಿ, ನನ್ನ ಕೈಗಿಟ್ಟರು.

"ತಿನ್ನಿ ಮೇಡಮ್ನೋರೆ. ನಮ್ಮನೇಲಿ ಒಂದು ಪದ್ಧತಿ. ಅಡುಗೆ ಮಾಡ್ದೋಳು ಮೊದಲ್ನೇ ತುತ್ತು ಬಾಯಿಗಿಟ್ಕಂಡು ಕೂರಬೇಕು. ಮಿಕ್ಕೋರು ಉಪ್ಪು ಹುಳಿ ಹೇಳಿ ಮುಗಿಸೋಗಂಟ ಬಾಯಿ ಬಿಡಂಗಿಲ್ಲ. ಇಲ್ದಿದ್ರೆ ಊಟ ಹೋಗಿ ಜಗಳ ಆಯ್ತದೆ."

ರಾಗಿರೊಟ್ಟಿ ಬೇಗ ಗಂಟಲಿಳಿಯುವ ಪದಾರ್ಥವಲ್ಲ. ಅಗಿಯುತ್ತಾ ಕೂತೆ. ಆಗ ನಂಜಪ್ಪ ಮೆಲ್ಲನೆ ಕೆಮ್ಮಿದರು.

"ನಂಗೆ ಹದಿನೈದು ದಿನದ ಹಿಂದೇನೇ ಕಂಡಿತ್ತು ಸಾರ್. ಮೇಡಂ ತಮ್ಮ ಕೈ ಅಳತೆಗೇ ಮಾಡವ್ರೆ. ಅವರದು ಪೆನ್ಸಿಲ್ ಹಿಡಿಯೋ ಬೆರಳು."

"ಕಂಡಮೇಲೆ ಹೇಳೋದಲ್ವೇನಯ್ಯಾ?" ಎಂದರು ಶ್ರೀಕಂಠಯ್ಯ.

"ಹೆಂಗೆ ಹೇಳ್ಲಿ ಸಾರ್? ಓದಿರೋ ಹುಡುಗಿ. ಬಂದ್ರೆ ಒಂದು ನಗು ಇಲ್ಲ, ಬೋರ್ಡು ನೋಡ್ಕಂಡು ಕೂತ್ರೆ ಬೋರ್ಡೇ. ನಾನು ಅವರ ಬೆನ್ನಿಗೆ ಹೇಳ್ಲಾ?"

ಗೌರಮ್ಮ ಗಟ್ಟಿಯಾಗಿ ನಕ್ಕರು. ಅಷ್ಟರಲ್ಲಿ ನನ್ನ ತುತ್ತು ಮುಗಿದಿತ್ತು. ಕೊಡಬೇಕೆಂದಿದ್ದ ಉತ್ತರಗಳನ್ನು ಹುಡುಕಿದೆ, ಒಂದೂ ಬೇಕೆನಿಸಲಿಲ್ಲ. ನನ್ನ ಸಭ್ಯತೆಗೆ ಅವರ ಮನಸ್ಸಿನಲ್ಲಿ ಬೇರೆಯೇ ಹೆಸರಿತ್ತೆಂಬುದು ಮಾತ್ರ ಚಟ್ನಿಗಿಂತ ಖಾರವಾಗಿತ್ತು.

"ಗೌರಮ್ಮ, ನಿಮ್ಮ ಕೈ ಕೊಡಿ" ಎಂದೆ. ಆ ಕೈಯನ್ನು ಬಿಳಿ ಹಾಳೆಯ ಮೇಲಿಟ್ಟು ಸುತ್ತ ಗೆರೆ ಎಳೆದೆ. ಹಾಳೆಯೆಲ್ಲ ಚಟ್ನಿಯಾಯಿತು. ನಂಜಪ್ಪ ಪಕ್ಕಕ್ಕೆ ಬಂದು ನಿಂತು, ಗೆಣ್ಣಿನ ಬಳಿ ಎಷ್ಟು ಜಾಗ ಬಿಡಬೇಕೆಂದು ತೋರಿಸಿಕೊಟ್ಟರು. ಅಚ್ಚು ಒಂದು ವಾರ ತಡವಾಯಿತು. ನಾನು ಕಾಯಂ ಆದೆ.

ಮುಂದೆ ಶನಿವಾರದ ರೊಟ್ಟಿ ವಾಡಿಕೆಯೇ ಆಯಿತು. ಯಾರ ನಕ್ಷೆಯೋ ಅವರಿಗೆ ಮೊದಲ ತುತ್ತು. ಶ್ರೀಕಂಠಯ್ಯನವರ ಸರದಿ ಬಂದಾಗ ಗೌರಮ್ಮ ಎರಡು ರೊಟ್ಟಿ ಕೊಟ್ಟು, "ಸಾಹೇಬ್ರುಗೆ ಹೇಳಾದು ವಸಿ ಜಾಸ್ತಿ ಐತೆ" ಎಂದಿದ್ದರು. ಆಕೆ ಕೆಲಸ ಬಿಟ್ಟ ಮೇಲೆ ಅದು ನಿಂತುಹೋಯಿತು. ಯಾರೂ ನಿಲ್ಲಿಸಲಿಲ್ಲ, ಯಾರೂ ರೊಟ್ಟಿ ತರಲಿಲ್ಲ, ಅಷ್ಟೆ. ನಾನೂ ತರಲಿಲ್ಲ.

ಹೊಸ ಹುಡುಗಿಯೂ ಕಿಟಕಿಯ ಕಡೆ ಮುಖ ಮಾಡಿ ಊಟ ಮಾಡುವವಳೇ. ನೋಯಿಸುವುದೇಕೆ ಎಂದುಕೊಂಡೇ ಅವಳ ನಕ್ಷೆಯ ಮೇಲೆ "ಸರಿ ಇದೆ" ಎಂದು ಬರೆದಿದ್ದೆ. ಈಗ ರಬ್ಬರ್ ಹುಡುಕಿ ಆ ಎರಡು ಪದಗಳನ್ನು ಅಳಿಸಿದೆ. ಮತ್ತೆ ಒಲೆ ಹಚ್ಚಿ, ಅವಳ ಪಾಲಿಗೆಂದು ಇನ್ನೊಂದು ರೊಟ್ಟಿ ತಟ್ಟಿದೆ. ಕೊಂಚ ದಪ್ಪಗೇ ತಟ್ಟಿದೆ.